ತಿಕ್ಕಿ ಬೆಳಗಿದ ಕೊಪ್ಪರಿಗೆ

ಎರ್ಗಾಶ್ ಆತಾ ಅವರ ಅಂಗಳದಲ್ಲಿ, ದ್ರಾಕ್ಷಿ ಚಪ್ಪರದ ಕೆಳಗಿನ ಮಣ್ಣಿನ ಒಲೆಯಲ್ಲಿ ಕೂತಿದ್ದ ಕಬ್ಬಿಣದ ಕೊಪ್ಪರಿಗೆಯನ್ನು ತೊಳೆಯುವ ಹಕ್ಕು ಈ ಭೂಮಿಯ ಮೇಲೆ ಒಬ್ಬರಿಗೇ ಇತ್ತು. ಅದು ಎರ್ಗಾಶ್ ಆತಾ ಅವರಿಗೆ. ಹೆಂಡತಿ ಹೋಸಿಯತ್‌ಗೂ ಇರಲಿಲ್ಲ. ಆಕೆ ಆ ಮನೆಗೆ ಸೊಸೆಯಾಗಿ ಬಂದು, ಹೆತ್ತು, ಈಗ ತಾನೇ ಅತ್ತೆಯಾಗಿ ಕೂತಿದ್ದರೂ ಕೊಪ್ಪರಿಗೆ ಮುಟ್ಟಹೋದರೆ "ನೀನು ಬಿಡು, ನೀನು ಬಿಡು" ಎಂದು ಮುದುಕರು ಓಡಿ ಬರುತ್ತಿದ್ದರು. ಓಶ್, ಅಂದರೆ ಮಾಂಸದ ಪಲಾವ್, ಬಡಿಸಿ ಮುಗಿಯುತ್ತಲೂ, ಕಬ್ಬಿಣ ಇನ್ನೂ ಬಿಸಿಯಾಗಿರುವಾಗಲೇ, ಬಿಸಿನೀರು ಹುಯ್ದು ಗಿಡ್ಡ ಪೊರಕೆಯಿಂದ ತಿರುವುತ್ತಿದ್ದರು. ನೀರು ಚೆಲ್ಲಿ, ಒರೆಸಿ, ಕಂಬದ ಮೊಳೆಗೆ ತೂಗುಹಾಕಿದ್ದ ಬಟ್ಟೆಯನ್ನು ಹತ್ತಿಬೀಜದ ಎಣ್ಣೆಯಲ್ಲಿ ಅದ್ದಿ ಒಳಗೆಲ್ಲ ಸವರಿ, ಮರದ ಮುಚ್ಚಳ ಮುಚ್ಚುತ್ತಿದ್ದರು. ಆ ಬಟ್ಟೆ ಮುಟ್ಟಿದವರಿಗಂತೂ ಉಳಿಗಾಲವಿರಲಿಲ್ಲ.

ಅವರ ಊರಾದ ಮರ್ಗಿಲಾನಿನಲ್ಲಿ ಇಂಥ ವಿಷಯಕ್ಕೆ ಮಾತು ಬಿಟ್ಟ ಮನೆಗಳಿವೆ, ನಗಬೇಡಿ. ಒಬ್ಬರು ಬಿಸಿನೀರು ಸಾಕು ಎನ್ನುತ್ತಾರೆ. ಒಬ್ಬರು ಉಪ್ಪು ಹಾಕಿ ಉಜ್ಜಬೇಕು ಎನ್ನುತ್ತಾರೆ. ಎದುರು ಮನೆಯ ಮುದುಕನಿಗೆ ನೀರು ಎಂದರೇ ಆಗದು, ರೊಟ್ಟಿಯ ತುಂಡಿನಿಂದ ಒರೆಸಿ ಬಾಯಿಗೆ ಹಾಕಿಕೊಂಡರೆ ಕೊಪ್ಪರಿಗೆಯೂ ಚೊಕ್ಕ, ಹೊಟ್ಟೆಯೂ ತಂಪು ಎಂದು ಅವನ ವಾದ. ಸೋಪು ಎಂದು ಮಾತ್ರ ಯಾರೂ ಎನ್ನುವುದಿಲ್ಲ. ಆ ಬೀದಿಯಲ್ಲಿ ಕೊಪ್ಪರಿಗೆಗೆ ಸೋಪು ಹಾಕಿದವರು ಒಬ್ಬರೂ ಇರಲಿಲ್ಲ, ಹೊಸ ಸೊಸೆ ಓಯ್ದಿನ್ ಬರುವ ತನಕ.

ಅವಳ ತಪ್ಪೂ ಅಲ್ಲ ಅನ್ನಿ. ಅವಳು ಹುಟ್ಟಿ ಬೆಳೆದದ್ದು ತಾಷ್ಕೆಂಟಿನ ನಾಲ್ಕನೇ ಮಹಡಿಯ ಮನೆಯಲ್ಲಿ, ಮಸ್ತೂರಾ ಎಂಬ ತಾಯಿಯ ಕೈಕೆಳಗೆ. ಮಸ್ತೂರಾ ಯಾರ ಮನೆಗೆ ಹೋದರೂ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಬೆನ್ನು ನೋಡಿ ಬರುವ ಹೆಂಗಸು. "ರತ್ನಗಂಬಳಿ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಪಾತ್ರೆ ತಳ ನೋಡ್ದೆ ನೋಡು, ಅಲ್ಲಿಗೆ ಮುಗೀತು" ಎಂದು ಬರುವಾಗ ದಾರಿಯುದ್ದಕ್ಕೂ ಮೂಗು ಮುರಿಯುತ್ತಿದ್ದಳು. ಅವಳ ಮನೆಯ ಪಾತ್ರೆಗಳಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು.

ತಂದೆ ಮೀರ್ವೊಸಿಲ್ ಗಡಿಯಾರ ರಿಪೇರಿಯವರು. ಮಗಳನ್ನು ಮರ್ಗಿಲಾನ್ ಇರುವ ಫರ್ಗಾನಾ ಕಣಿವೆಗೆ ಕೊಡಲು ಅವರಿಗೆ ಸುತಾರಾಂ ಇಷ್ಟವಿರಲಿಲ್ಲ. "ಕಣಿವೆಯವರ ಮನೇಲಿ ಸೊಸೆ ಅಂದ್ರೆ ಪೊರಕೆಗೆ ಎರಡು ಕಾಲು ಬಂದ ಹಾಗೆ. ಬೆಳಗಾಗೆದ್ದು ಅಂಗಳ ಗುಡಿಸು, ಬಗ್ಗಿ ಸಲಾಂ ಹೊಡಿ, ಬೈಸ್ಕೋ. ಇದಕ್ಕಾ ನಿನ್ನ ಸಾಕಿದ್ದು?" ಎಂದಿದ್ದರು. ಮಗಳು ಎರ್ಗಾಶ್ ಆತಾ ಅವರ ಮಗ, ರೇಷ್ಮೆ ನೇಯುವ ಹಮ್ದಮ್‌ನೇ ಬೇಕೆಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಅವರು ಒಪ್ಪಿದರು, ಆದರೆ ಒಪ್ಪಲಿಲ್ಲ. ಮದುವೆಯ ದಿನ ಧೋ ಎಂದು ಮಳೆ ಹುಯ್ದು, ಹೊಸ ಕೋಟೆಲ್ಲ ತೊಯ್ದು ತೊಪ್ಪೆಯಾದಾಗ, "ನೋಡು, ಮೇಲಿರೋನಿಗೂ ಈ ಸಂಬಂಧ ಬೇಡ" ಎಂದು ಮಗಳ ಕಿವಿಗೆ ಬೀಳುವ ಹಾಗೇ ಅಂದರು. ಆಮೇಲೆ ಫೋನಿನಲ್ಲಿ "ಆರೋಗ್ಯವಾ?", "ಹ್ಞೂಂ, ದಾದಾ", ಅಷ್ಟೇ. ಫೋನು ತಾಯಿಯ ಕೈಗೆ ಹೋಗುತ್ತಿತ್ತು. ಓಯ್ದಿನ್ ಹಜಾರದಲ್ಲಿ ನಿಂತು ಅತ್ತದ್ದು ಹಮ್ದಮ್‌ಗೆ ಮಾತ್ರ ಗೊತ್ತು.

ಮದುವೆಯಾದ ಮೇಲೆ ಹೆಣ್ಣಿನ ತಂದೆತಾಯಿಯನ್ನು ಗಂಡಿನ ಮನೆಯವರು ಕರೆದು ಉಪಚರಿಸಬೇಕು. ಮೀರ್ವೊಸಿಲ್ ಒಮ್ಮೆ ಸೊಂಟನೋವು ಎಂದರು, ಒಮ್ಮೆ ಅಂಗಡಿ ಬಿಡಲಾಗದು ಎಂದರು. ಕಡೆಗೆ ವಸಂತದಲ್ಲಿ, ಬಳ್ಳಿ ಚಿಗುರಿದಾಗ, ಬರುತ್ತೇವೆ ಎಂದರು. ಓಯ್ದಿನ್‌ಗೆ ಇದ್ದದ್ದು ಒಂದೇ ಆಸೆ. ತಂದೆ ಬಂದು ನೋಡಬೇಕು, ತಾನು ಇಲ್ಲಿ ಮಗಳ ಹಾಗೆ ಇದ್ದೇನೆ ಎಂದು ಅವರ ಮನಸ್ಸಿಗೆ ಬರಬೇಕು. ಇಲ್ಲದಿದ್ದರೆ ಆ "ಆರೋಗ್ಯವಾ?" ಅವಳ ಆಯುಸ್ಸು ಪೂರ್ತಿ ಹಾಗೇ ಉಳಿದುಬಿಡುತ್ತದೆ.

ಬೀಗರು ಬರುವ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಅವಳೊಬ್ಬಳೇ. ಅತ್ತೆ ಸಂತೆಗೆ ಹೋಗಿದ್ದರು, ಮಾವ ಯಾರದೋ ಮದುವೆಗೆ ಓಶ್ ಮಾಡಲು ಹೋಗಿದ್ದರು, ಬೀದಿಯ ಮದುವೆಗಳಿಗೆಲ್ಲ ಅವರದೇ ಕೈ. ಓಯ್ದಿನ್ ಕಿಟಕಿ ಒರೆಸಿದಳು, ಹಾಸು ಕೊಡವಿದಳು, ಬಟ್ಟಲುಗಳನ್ನು ಬೆಳಗಿಟ್ಟಳು. ಎಲ್ಲ ಮುಗಿಸಿ ತಾಯಿಯ ಕಣ್ಣಿನಿಂದ ಅಂಗಳವನ್ನು ಒಮ್ಮೆ ನೋಡಿದಳು. ನೋಡಿದರೆ ಆ ಕೊಪ್ಪರಿಗೆ! ಒಳಗೆ ಕಪ್ಪು, ಹೊರಗೆ ಕಪ್ಪು, ಅಂಚಿನಲ್ಲಿ ತೊಗಟೆ ಕಟ್ಟಿದ ಕಪ್ಪು. 'ಅಮ್ಮ ಮೊದಲು ನೋಡೋದೇ ಇದನ್ನ. ರೈಲಿನಲ್ಲಿ ವಾಪಸ್ ಹೋಗುವಾಗ ದಾದಾ ಹತ್ರ ಹೇಳದೆ ಬಿಡ್ತಾಳಾ? ಮಗಳನ್ನ ಎಂಥ ಮಸಿಯೊಳಗೆ ಕೊಟ್ವಿ ಅಂತಾಳೆ.'

ಸೆರಗು ಬಿಗಿದಳು ಅನ್ನೋಣವೆಂದರೆ ಅಲ್ಲಿ ಸೆರಗಿಲ್ಲ, ತಲೆವಸ್ತ್ರ ಬಿಗಿದಳು. ಸೋಡಾ ಸುರಿದು ನೀರು ತುಂಬಿಸಿ ಒಲೆ ಹೊತ್ತಿಸಿ ಕುದಿಸಿದಳು. ಚಾಕುವಿನಿಂದ ಕೆರೆದಳು. ಇಟ್ಟಿಗೆ ಪುಡಿ, ಬಟ್ಟೆ ಒಗೆಯುವ ಪುಡಿ, ತಂತಿ ಬ್ರಷ್ಷು, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ತಿಕ್ಕಿದಳು. ಉಗುರು ಮುರಿಯಿತು, ಬೊಬ್ಬೆ ಎದ್ದಿತು. ಹೊತ್ತು ಮುಳುಗುವ ವೇಳೆಗೆ ಕೊಪ್ಪರಿಗೆಯ ಒಳಗೆ ಬೂದುಬಣ್ಣದ ಕಬ್ಬಿಣ ನಗುತ್ತಿತ್ತು. ಮೂರು ಸಲ ತೊಳೆದು, ಒದ್ದೆಯಾಗಿಯೇ ಮುಚ್ಚಳ ಮುಚ್ಚಿದಳು. ಬೆಳಿಗ್ಗೆ ಎಲ್ಲರಿಗೂ ತೋರಿಸಿ ಬೆರಗು ಮಾಡೋಣ ಎಂದುಕೊಂಡು ನಿಶ್ಚಿಂತೆಯಾಗಿ ಮಲಗಿದಳು, ಪುಣ್ಯಾತ್ಗಿತ್ತಿ.

ಬೆಳಗಾಯಿತು. ಅಂಗಳ ಗುಡಿಸಿ, ಅತ್ತೆ ಈಚೆ ಬಂದ ಕೂಡಲೇ ಬಗ್ಗಿ ಸಲಾಂ ಮಾಡಿ, ಇಲ್ಲಿಯವರು ಅಮ್ಮನನ್ನು ಕರೆಯುವ ಹಾಗೆ "ಓಯಿ, ಇಲ್ಲಿ ಬನ್ನಿ. ಒಂದು ತೋರಿಸ್ತೀನಿ" ಎಂದು ನಗುನಗುತ್ತಾ ಮುಚ್ಚಳ ತೆಗೆದಳು. ಒಳಗೆ ತಳದಿಂದ ಅಂಚಿನವರೆಗೆ ಕೆಂಪು ತುಕ್ಕು.

"ಅಯ್ಯಯ್ಯೋ, ಸತ್ತೆ!" ಹೋಸಿಯತ್ ಎರಡೂ ಕೈ ಕೆನ್ನೆಗಿಟ್ಟುಕೊಂಡರು. "ಯಾರು ಮಾಡಿದ್ದಿದು?"

"ನಾನು... ತೊಳೆದೆ, ಓಯಿ."

"ತೊಳೆದ್ಯಾ? ಇದಕ್ಕೆ ತೊಳೆಯೋದು ಅಂತಾರೇನೇ? ಚರ್ಮ ಸುಲಿದಿದೀಯಲ್ಲೇ! ಅವರ ಅಪ್ಪನ ಕಾಲದ್ದು, ನನ್ನನ್ನೇ ಮುಟ್ಟಗೊಡ್ತಿರ್ಲಿಲ್ಲ ಮನುಷ್ಯ. ಬಾಯಿ ಇರ್ಲಿಲ್ವಾ ನಿಂಗೆ ಕೇಳೋಕೆ?"

ಪಕ್ಕದ ಮನೆಯ ಗೋಡೆಯ ಮೇಲೆ ತುರ್ಗುನೋಯ್‌ಳ ತಲೆ ಮೂಡಿತು. ಎರ್ಗಾಶ್ ಆತಾ ಅವರ ತಂಗಿ ಆಕೆ. ಗಂಡ ತೀರಿದ ಮೇಲೆ ಪಕ್ಕದಲ್ಲೇ ಮನೆ ಮಾಡಿಕೊಂಡು ಈ ಮನೆಯ ಗೊಡವೆಯನ್ನೇ ಕಸುಬು ಮಾಡಿಕೊಂಡಿದ್ದಳು. ಮಾತು ಒರಟು, ಹೃದಯ ಕೆಟ್ಟದ್ದಲ್ಲ, ಬಾಯಿಗೆ ಮಾತ್ರ ಬಾಗಿಲಿರಲಿಲ್ಲ. ಒಂದು ಗಳಿಗೆಯಲ್ಲಿ ಗೇಟು ದೂಡಿಕೊಂಡು ಬಂದು ಕೊಪ್ಪರಿಗೆಯೊಳಗೆ ಇಣುಕಿದಳು.

"ತಾಷ್ಕೆಂಟಿನವರು ನೋಡಮ್ಮ! ಸೋಪಾ ಹಾಕಿದ್ದು? ಮೂಸಿದ್ರೆ ನಮ್ಮ ಜುಮ್ಮಾ ನಮಾಜಿನ ಅಂಗಿ ಒಗೆದ ವಾಸನೆ. ಇದರಲ್ಲಿ ಇವತ್ತು ಓಶ್ ಮಾಡಿದ್ರೆ ಬೀಗರ ಬಾಯಲ್ಲಿ ನೊರೆ ಬರುತ್ತೆ."

ಓಯ್ದಿನ್‌ಗೆ ಕಂಡದ್ದು ಕೊಪ್ಪರಿಗೆಯಲ್ಲ. ಹಾಸಿನ ಮೇಲೆ ಕೂತ ತಂದೆ, ಎದುರಿಗೆ ಕೆಟ್ಟ ಓಶ್, ಮನೆಯವರೆಲ್ಲರ ಮುಖ ಗಂಟು, ತಲೆ ತಗ್ಗಿಸಿ ಮೂಲೆಯಲ್ಲಿ ತಾನು. ದಾದಾ ಹೇಳಿದ್ದ ಹಾಗೇ, ಕಾಲು ಬಂದ ಪೊರಕೆ. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಎರ್ಗಾಶ್ ಆತಾ ತೋಳು ಮಡಿಸಿಕೊಳ್ಳುತ್ತಾ ಬಂದರು. ಅವರು ಬಗ್ಗಿ ನೋಡಿದರು. ಬೆರಳಿಂದ ತಳ ಉಜ್ಜಿ, ಬೆರಳಿಗೆ ಹತ್ತಿದ ಕೆಂಪನ್ನು ನೋಡಿದರು. ಮುಚ್ಚಿಡುವುದೇನಿದೆ, ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗಿತ್ತು ಮುದುಕರಿಗೆ. ತಂದೆ ಎಣ್ಣೆ ಸವರಿದ್ದ ಕಪ್ಪು ಅದು, ಅದರ ಮೇಲೆ ಇವರು ಸವರಿದ್ದ ಕಪ್ಪು. ಸೊಸೆಯ ಕಡೆ ತಿರುಗಿದವರು ಅವಳ ಕೈ ನೋಡಿದರು. ಬೊಬ್ಬೆ ಒಡೆದು ಅಂಗೈ ಕೆಂಪಾಗಿತ್ತು.

"ಒಬ್ಬಳೇ ತಿಕ್ಕಿದ್ಯಾ, ಮಗಳೇ?"

"ಹ್ಞೂಂ, ಆತಾ. ಅಮ್ಮ ಬಂದು ಕಪ್ಪು ನೋಡ್ತಾರೆ ಅಂತ... ನನಗೆ ನಾಚಿಕೆಯಾಯ್ತು." ಹೇಳಬಾರದ್ದೇ ಬಾಯಿಗೆ ಬಂತು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ತುರ್ಗುನೋಯ್ ತಡೆಯಲಾರದೆ, "ನನ್ನ ಕೊಪ್ಪರಿಗೆ ತಗೊಂಡು ಹೋಗಣ್ಣ, ಬೇಗ. ರೈಲು ಬರೋ ಹೊತ್ತಾಯ್ತು" ಎಂದಳು.

"ಬೇಡ."

"ಯಾಕೆ? ನನ್ನದಕ್ಕೇನು ಕುಷ್ಠ ಬಂದಿದ್ಯಾ?"

"ನಿನ್ನ ಕೊಪ್ಪರಿಗೆ ಬೀದಿಗಿಳಿದು ನಮ್ಮನೆಗೆ ಬಂದ್ರೆ ಯಾಕೆ ಬಂತು ಅಂತ ಬೀದಿ ಕೇಳುತ್ತೆ. ಸಂಜೆಯೊಳಗೆ ಈ ಹುಡುಗಿ ಹೆಸರು ಮಸೀದಿ ಮೆಟ್ಟಿಲ ತನಕ ಹೋಗುತ್ತೆ. ಇದರಲ್ಲೇ ಮಾಡಿದ್ರೆ ಗೊತ್ತಿರೋದು ನಮಗೆ ನಾಲ್ಕು ಜನಕ್ಕೆ." ತಂಗಿಯತ್ತ ಬೆರಳು ತೋರಿಸಿದರು. "ನಿನ್ನ ಬಾಯಿಗೊಂದು ಬೀಗ ಹಾಕ್ಕೋ. ಹೋಸಿಯತ್, ಉಪ್ಪು ತಾ. ಇರೋದೆಲ್ಲ ತಾ."

ಓಯ್ದಿನ್ ಕೇಳಿದ್ದನ್ನು ನಂಬಲಾರದೆ ನಿಂತಳು. ಬೈಗುಳಕ್ಕೆ ತಗ್ಗಿಸಿಟ್ಟಿದ್ದ ತಲೆಯನ್ನು ಎತ್ತುವುದು ಹೇಗೆಂದು ತಿಳಿಯಲಿಲ್ಲ. "ನಿಂತ್ಕೋಬೇಡ್ವೇ, ಸೌದೆ ತಗೊಂಡು ಬಾ! ಅಳೋದು ಆಮೇಲೆ ಅಳು" ಎಂದು ಅತ್ತೆ ಗದರಿಸಿದಾಗ ಆ ಗದರಿಕೆಯೂ ಅವಳಿಗೆ ಸಿಹಿಯಾಯಿತು.

ಆಮೇಲೆ ನಡೆದದ್ದು ಒಂದು ಯುದ್ಧ. ಹಮ್ದಮ್ ಇದ್ಯಾವುದೂ ತಿಳಿಯದೆ ಸ್ಟೇಷನ್ನಿಗೆ ಓಡಿದ. ಆತಾ ತುಕ್ಕು ಉಜ್ಜಿ ತೆಗೆದು, ಒಣ ಕೊಪ್ಪರಿಗೆಯಲ್ಲಿ ಉಪ್ಪು ಸುರಿದು, ಉಪ್ಪು ಕಂದುಬಣ್ಣಕ್ಕೆ ತಿರುಗುವ ತನಕ ಹುರಿದರು. ಹೋಸಿಯತ್ ಪಾಲಿಗೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಅಭಿಪ್ರಾಯಗಳೆಲ್ಲ ಹೊರಬೀಳುವ ಸುಸಮಯ ಅದು.

"ಉಪ್ಪು ಸಾಕು, ಇನ್ನು ಆಲೂಗಡ್ಡೆ ಸಿಪ್ಪೆ ಹಾಕಿ."

"ಆಲೂಗಡ್ಡೆ ಸಿಪ್ಪೆ ನಿಮ್ಮಪ್ಪನ ಮನೇಲಿ ಹಾಕ್ತಾರೆ. ಮೊದಲು ಕೊಬ್ಬು."

"ಸಿಪ್ಪೆ ಹಾಕಿದ್ದಕ್ಕೇ ನಮ್ಮಪ್ಪನ ಮನೇಲಿ ಓಶ್ ಯಾವತ್ತೂ ತಳ ಹಿಡಿದಿಲ್ಲ."

"ಅಕ್ಕಿಗಿಂತ ಎಣ್ಣೆ ಜಾಸ್ತಿ ಹಾಕಿದ್ರೆ ಎಲ್ಲಿ ಹಿಡಿಯುತ್ತೆ?"

ತುರ್ಗುನೋಯ್ ತನ್ನ ಮನೆಯಿಂದ ಕುರಿಬಾಲದ ಕೊಬ್ಬಿನ ದೊಡ್ಡ ತುಂಡನ್ನು ಮೇಲಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದಳು. "ಈರುಳ್ಳಿ ಸುಡಬೇಕು ಅಂತ ನಾನು ಹೇಳಲ್ಲ, ಬಾಯಿಗೆ ಬೀಗ ಅಲ್ವಾ, ಆದ್ರೂ ಹೇಳ್ತೀನಿ" ಎಂದು ಶುರು ಮಾಡಿದಳು. ಕೊಬ್ಬು ಕರಗಿತು, ಹೊಗೆ ಎದ್ದಿತು. ಕಣ್ಣುರಿಯಿಂದ ಎಲ್ಲರೂ ಅಳುತ್ತಿದ್ದರು, ಓಯ್ದಿನ್‌ಗೆ ಅದೇ ಅನುಕೂಲವಾಯಿತು. ಕಬ್ಬಿಣ ನಿಧಾನವಾಗಿ ಬೂದುಬಣ್ಣ ಬಿಟ್ಟು ಕಂದಾಯಿತು. ಕಪ್ಪು ಮಾತ್ರ ಆಗಲಿಲ್ಲ. ಅದು ಒಂದು ಬೆಳಗಿನ ಕೆಲಸವಲ್ಲ.

"ತಳ ಹಿಡಿಯುತ್ತೆ" ಎಂದರು ಆತಾ, ಹಣೆ ಒರೆಸಿಕೊಳ್ಳುತ್ತಾ. "ಹಿಡಿಯಲಿ. ಕ್ಯಾರೆಟ್ ಹೆಚ್ಚಿ."

ಬೀಗರು ಬಂದಾಗ ಅಕ್ಕಿ ಬೇಯುತ್ತಿತ್ತು. ಅಪ್ಪುಗೆ, ಕುಶಲ, ಬುಟ್ಟಿಗಳಲ್ಲಿ ರೊಟ್ಟಿ, ಸಮೋಸ, ಮಿಠಾಯಿ. ಮೀರ್ವೊಸಿಲ್ ಮಗಳ ನೆತ್ತಿಗೆ ಮುತ್ತಿಟ್ಟು, "ಆರೋಗ್ಯವಾ?" ಎಂದರು. "ಹ್ಞೂಂ, ದಾದಾ" ಎಂದಳು. ಅವರ ಕಣ್ಣು ಅವಳ ಅಂಗೈಯ ಮೇಲೆ ಬಿತ್ತು. ಅವಳು ಕೈಯನ್ನು ತೋಳಿನೊಳಗೆ ಎಳೆದುಕೊಂಡಳು. ಅವರ ಹುಬ್ಬು ಗಂಟಿಕ್ಕಿತು. ಓಯ್ದಿನ್‌ಗೆ ಆಗಲೇ ಅರ್ಥವಾಯಿತು, ದಾದಾ ಲೆಕ್ಕ ಹಾಕಿ ಮುಗಿಸಿದ್ದಾರೆ ಎಂದು.

ದೊಡ್ಡ ತಟ್ಟೆಯಲ್ಲಿ ಓಶ್ ಬಂತು. ಮೇಲೆ ಮಾಂಸ, ಇಡೀ ಬೆಳ್ಳುಳ್ಳಿ ಗಡ್ಡೆ, ಹಳದಿ ಕ್ಯಾರೆಟ್. ನೋಟಕ್ಕೆ ಚೆಂದವೇ ಇತ್ತು, ಅನ್ನ ಮಾತ್ರ ಎರ್ಗಾಶ್ ಆತಾ ಅವರ ಓಶ್‌ಗೆ ತಕ್ಕದ್ದಲ್ಲದ ಮಬ್ಬು ಬಣ್ಣದಲ್ಲಿತ್ತು. ಎಲ್ಲರೂ ತಿಂದರು. ಒಂದೆರಡು ತುತ್ತಾದ ಮೇಲೆ ಮಸ್ತೂರಾ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿದಳು.

"ಸ್ವಲ್ಪ ಕಬ್ಬಿಣ ಕಬ್ಬಿಣ ಅನ್ನಿಸ್ತಿದೆ ಅಲ್ವಾ?"

"ಕೊಪ್ಪರಿಗೆ ಹೊಸದು, ಬೀಗಿತ್ತಿ" ಎಂದರು ಆತಾ ತಣ್ಣಗೆ. "ನೀವು ಬರ್ತೀರಿ ಅಂತ ಇವತ್ತೇ ಶುರು ಮಾಡಿದ್ವಿ. ಮೊದಲ ಓಶ್ ನಿಮಗೇ."

"ಹೊಸದಾ?" ಮೀರ್ವೊಸಿಲ್ ತಲೆ ಎತ್ತಿದರು. "ಸ್ಟೇಷನ್ನಿಂದ ಬರ್ತಾ ಅಳಿಯಂದಿರು ದಾರಿ ತುಂಬ ಹೇಳಿದ್ರಲ್ಲ, ನಮ್ಮ ಅಜ್ಜನ ಕಾಲದ ಕೊಪ್ಪರಿಗೆ, ಕಣಿವೆಯಲ್ಲೇ ಅಂಥದ್ದಿಲ್ಲ ಅಂತ?"

ಹಮ್ದಮ್ ಬಾಯಲ್ಲಿದ್ದ ಮೂಳೆಯನ್ನು ಏನು ಮಾಡಬೇಕೋ ತಿಳಿಯದೆ ಕೂತ. ಬೆಳಗಿನಿಂದ ಬೀಗ ಹಾಕಿಕೊಂಡು ಸುಸ್ತಾಗಿದ್ದ ತುರ್ಗುನೋಯ್, "ಹೊಸದು ಅಂದ್ರೆ, ಹಳೇದೇ, ಹೊಸದಾಗಿ..." ಎಂದು ಶುರು ಮಾಡಿ ಅಣ್ಣನ ಮುಖ ನೋಡಿ ಬಾಯಿಗೆ ರೊಟ್ಟಿ ತುರುಕಿಕೊಂಡಳು.

ಓಯ್ದಿನ್ ಚಹಾ ಬಗ್ಗಿಸುತ್ತಿದ್ದಳು. ಕೆಟಲನ್ನು ಕೆಳಗಿಟ್ಟಳು. ತನ್ನ ಸಲುವಾಗಿ ಈ ಮುದುಕರು ತಮ್ಮದೇ ಹಾಸಿನ ಮೇಲೆ ಕೂತು ಸುಳ್ಳು ಹೇಳುವುದು ಅವಳಿಂದ ನೋಡಲಾಗಲಿಲ್ಲ.

"ಹಳೇದೇ, ದಾದಾ. ನಾನು ಹಾಳು ಮಾಡಿದೆ. ಅಮ್ಮ ನೋಡಿದ್ರೆ ಏನಂತಾರೋ ಅಂತ ಸೋಡಾ ಹಾಕಿ ಕುದಿಸಿ, ತಂತಿ ಬ್ರಷ್ಷಿಂದ ತಿಕ್ಕಿದೆ. ಕೈ ಹೀಗಾಗಿದ್ದು ಅದಕ್ಕೇ. ಯಾರೂ ತಿಕ್ಕು ಅನ್ನಲಿಲ್ಲ. ಆತಾ ನನ್ನ ಹೆಸರು ಹೊರಗೆ ಬರಬಾರದು ಅಂತ ಬೇರೆ ಕೊಪ್ಪರಿಗೆ ತರಿಸಲಿಲ್ಲ."

ಮಸ್ತೂರಾಳ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಮೀರ್ವೊಸಿಲ್ ಕೈ ಒರೆಸಿಕೊಂಡರು. ಮಗಳನ್ನು ನೋಡಲಿಲ್ಲ, ಬೀಗಿತ್ತಿಯ ಕಡೆ ತಿರುಗಿದರು.

"ಬೈದ್ರಾ?"

"ಬೈದೆ!" ಎಂದರು ಹೋಸಿಯತ್, ಎರಡನೇ ಯೋಚನೆಯಿಲ್ಲದೆ. "ಬೈಯದೆ ಬಿಡ್ತೀನಾ? ಗಂಟಲು ಹರಿಯೋ ಹಾಗೆ ಬೈದೆ. ನನ್ನ ಹೊಟ್ಟೇಲಿ ಹುಟ್ಟಿದವಳಾಗಿದ್ರೆ ಸೌಟಲ್ಲಿ ಎರಡು ಕೊಡ್ತಿದ್ದೆ. ಇವಳು ಹೊಸಬಳು ಅಂತ ಸೌಟು ಬಿಟ್ಟೆ."

ಮೀರ್ವೊಸಿಲ್ ನಕ್ಕರು. ಭುಜ ಕುಲುಕಿತು, ಹೊಟ್ಟೆ ಕುಲುಕಿತು, ಕಣ್ಣಲ್ಲಿ ನೀರು ಬಂತು. ಓಯ್ದಿನ್ ಮದುವೆಗೆ ಮುಂಚೆ ಕೇಳಿದ್ದ ನಗು ಅದು. ಅವರು ಎದ್ದು, ಯಾರು ಬೇಡವೆಂದರೂ ಕೇಳದೆ, ಒಲೆಯ ಹತ್ತಿರ ಹೋಗಿ ಕೊಪ್ಪರಿಗೆಯೊಳಗೆ ಬಗ್ಗಿದರು. ತಳದ ತುಂಬ ಅನ್ನ ಅಂಟಿ ಹೊಂಬಣ್ಣದ ಹಕ್ಕಳೆ ಕಟ್ಟಿತ್ತು. ಸೌಟಿನ ಅಂಚಿನಿಂದ ಒಂದು ಚಕ್ಕೆ ಎಬ್ಬಿಸಿ ಮಗಳ ಕೈಯಲ್ಲಿಟ್ಟರು.

"ತಿನ್ನು. ಚಿಕ್ಕವಳಿದ್ದಾಗ ಅಜ್ಜಿ ಮನೇಲಿ ಕೊಪ್ಪರಿಗೆಯೊಳಗೇ ಇಳಿದು ಕೆರೆದು ತಿಂತಿದ್ದೆ. ಹಕ್ಕಳೆ ತಿನ್ನೋರ ಮದುವೇಲಿ ಮಳೆ ಬರುತ್ತೆ ಕಣೇ ಅಂತ ನಿಮ್ಮಜ್ಜಿ ಬಡ್ಕೊಳ್ತಿದ್ಲು. ನೋಡು, ಬಂತಲ್ಲ!" ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. "ನಿನ್ನ ಬಾಯಿಚಪಲಕ್ಕೆ ಬಂದ ಮಳೆ ಅದು. ನಾನು ಸುಮ್ಮನೆ ಮೇಲಿರೋನ ತಲೆಗೆ ಕಟ್ಟಿದೆ."

ಓಯ್ದಿನ್ ಆ ಚಕ್ಕೆಯನ್ನು ಬಾಯಿಗಿಟ್ಟಳು. ಕರುಂ ಎಂದಿತು. ಕಬ್ಬಿಣದ ರುಚಿಯೂ ಇತ್ತು, ಕಣ್ಣೀರಿನ ಉಪ್ಪೂ ಇತ್ತು, ಅಷ್ಟು ರುಚಿಯಾದದ್ದನ್ನು ಅವಳು ತಿಂದೇ ಇರಲಿಲ್ಲ.

ಊಟ ಮುಗಿದು ಎಲ್ಲರೂ ಅಂಗೈ ಎತ್ತಿ ಹರಕೆ ಹೇಳಿ ಮುಖ ಸವರಿಕೊಂಡ ಮೇಲೆ, ಮೀರ್ವೊಸಿಲ್ ಕೋಟು ಬಿಚ್ಚಿ ಚಪ್ಪರದ ಕಂಬಕ್ಕೆ ತೂಗುಹಾಕಿದರು. "ಬೀಗರೇ, ಬಿಸಿನೀರು ಎಲ್ಲಿದೆ?"

"ಅಯ್ಯೋ, ಬೀಗರು ಪಾತ್ರೆ ತೊಳೆಯೋದಾ! ನಮ್ಮ ಮರ್ಯಾದೆ ಏನಾಗಬೇಕು?" ಎಂದು ತುರ್ಗುನೋಯ್ ಕೂಗಿದಳು.

"ನನ್ನ ಮಗಳು ಹಾಳು ಮಾಡಿದ ಕೊಪ್ಪರಿಗೆ. ಮೊದಲ ತೊಳೆತ ನನ್ನದು. ಸೋಪು ಬೇಡ ಅಂತ ಗೊತ್ತಾಯ್ತು, ಮಿಕ್ಕಿದ್ದು ನೀವು ಹೇಳಿಕೊಡಿ."

ಎರ್ಗಾಶ್ ಆತಾ ತಮ್ಮ ಹೆಂಡತಿಗೂ ಕೊಡದ ಗಿಡ್ಡ ಪೊರಕೆಯನ್ನು ಅವರ ಕೈಗಿಟ್ಟರು. ಇಬ್ಬರು ಮುದುಕರೂ ಒಲೆಯ ಎರಡು ಬದಿಗೆ ಕುಕ್ಕರಗಾಲಲ್ಲಿ ಕೂತರು. "ಮೆತ್ತಗೆ. ಸುತ್ತಲೂ ಹಾಗೇ. ಗಡಿಯಾರ ಅಲ್ಲ ಇದು, ಇಷ್ಟು ನಾಜೂಕು ಬೇಡ." "ಮೆತ್ತಗೆ ಅಂದೋರೂ ನೀವೇ." ಮಸ್ತೂರಾ ಹತ್ತಿರ ಬಂದು, ತಡೆಯಲಾಗದೆ ಕೊಪ್ಪರಿಗೆಯ ಹೊರಮೈ ನೋಡಿ ಬಾಯಿ ತೆರೆದಳು, ಗಂಡ ತಲೆ ಎತ್ತಿದ ಕೂಡಲೇ ಬಾಯಿ ಮುಚ್ಚಿದಳು. ಹೋಸಿಯತ್ ನಕ್ಕು ಆಕೆಯ ಸೊಂಟ ಬಳಸಿ ಒಳಗೆ ಕರೆದೊಯ್ದರು, ಬಟ್ಟಲುಗಳ ಬೆನ್ನು ತೋರಿಸಲು.

ಒರೆಸಿದ್ದಾಯಿತು. ಆತಾ ಮೊಳೆಯಿಂದ ಬಟ್ಟೆ ತೆಗೆದುಕೊಟ್ಟರು. ಮೀರ್ವೊಸಿಲ್ ಎಣ್ಣೆಯಲ್ಲಿ ಅದ್ದಿ, ಬಿಸಿ ಕಬ್ಬಿಣಕ್ಕೆ ಸವರಿದರು. ಕಂದು ಮೈ ಮಿನುಗಿತು. ಅವರು ಬಟ್ಟೆಯನ್ನು ಮತ್ತೆ ಮೊಳೆಗೆ ಹಾಕಲು ಎದ್ದಾಗ ಎರ್ಗಾಶ್ ಆತಾ ಕೈ ಅಡ್ಡ ಹಿಡಿದರು.

"ಮೊಳೆಗೆ ಬೇಡ, ಬೀಗರೇ. ಅವಳ ಕೈಗೆ ಕೊಡಿ. ಅಪ್ಪ ಹಚ್ಚಿದ್ದು, ನಾನು ಹಚ್ಚಿದ್ದು ಹೋಯ್ತು. ಇನ್ಮೇಲಿಂದ ಇದಕ್ಕೆ ಕಪ್ಪು ಕೂರಿಸೋಳು ಅವಳೇ."

ಮೀರ್ವೊಸಿಲ್ ಮಗಳ ಕಡೆ ನಡೆದು ಬಂದರು. ಬೊಬ್ಬೆಯೆದ್ದ ಅಂಗೈಯನ್ನು ಬಿಡಿಸಿ, ಎಣ್ಣೆ ಜಿಡ್ಡಿನ ಬಟ್ಟೆಯನ್ನು ಅದರಲ್ಲಿಟ್ಟು, ತಮ್ಮ ಎರಡೂ ಕೈಯಿಂದ ಆ ಕೈಯನ್ನು ಮುಚ್ಚಿದರು.

"ಇಲ್ಲಿ ಹೇಗಿದೀಯಾ ಅಂತ ಕೇಳೋಕೇ ಅಷ್ಟು ದೂರದಿಂದ ಬಂದೆ, ಮಗು. ಇನ್ನು ಕೇಳಲ್ಲ." ಆಮೇಲೆ ಬೀಗರ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ಈ ಕಣಿವೆಯವರ ಹಾಗೇ ಬಗ್ಗಿ ಧನ್ಯವಾದ ಹೇಳಿದರು. "ರಹಮತ್, ಬೀಗರೇ. ನಿಮ್ಮ ಹೊಟ್ಟೆ ತಣ್ಣಗಿರಲಿ."

"ಮುಂದಿನ ಸಲ ಬನ್ನಿ, ತಳ ಹಿಡಿಯಲ್ಲ" ಎಂದರು ಆತಾ.

"ಸ್ವಲ್ಪ ಹಿಡೀಲಿ ಬಿಡಿ" ಎಂದರು ಮೀರ್ವೊಸಿಲ್. "ಹಕ್ಕಳೆಗೆ ಬರ್ತೀನಿ."

ಓಯ್ದಿನ್ ಬಟ್ಟೆಯನ್ನು ಕೊಪ್ಪರಿಗೆಯ ಅಂಚಿಗೆ ಇನ್ನೊಮ್ಮೆ ಸವರಿದಳು, ಯಾರೂ ಓಡಿ ಬರಲಿಲ್ಲ. ಮರದ ಮುಚ್ಚಳ ಮುಚ್ಚಿ, ಬಟ್ಟೆಯನ್ನು ತಾನೇ ಮೊಳೆಗೆ ತೂಗುಹಾಕಿದಳು.